ದೊನೊಸ್ತಿಯಾದಲ್ಲಿ ಅವ್ವನ ಅಮಾವಾಸ್ಯೆ

ನಾನು ಪಂಚಾಂಗವನ್ನು ನಂಬುವವನಲ್ಲ. ಆದರೆ ನಮ್ಮ ಮನೆಯಲ್ಲಿ ಪಂಚಾಂಗ ನೋಡುವವನು ನಾನೊಬ್ಬನೇ. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ನಂಬುವವರಿಗೆ ಒಂದು ನೆಮ್ಮದಿಯಿರುತ್ತದೆ. ಏನಾದರೂ ತಪ್ಪಿದರೆ ದೇವರು ಸುಧಾರಿಸಿಕೊಳ್ಳುತ್ತಾನೆ. ನಂಬದವನ ತಪ್ಪನ್ನು ಸುಧಾರಿಸುವವರು ಯಾರೂ ಇಲ್ಲದ್ದರಿಂದ ಅವನು ಮೈಯೆಲ್ಲ ಕಣ್ಣಾಗಿರಬೇಕಾಗುತ್ತದೆ. ಟೆಕ್ಸಾಸಿನ ಅಲೆನ್ ಊರಿನ ನಮ್ಮ ಮನೆಯಲ್ಲಿ, ಅಡಿಗೆಮನೆಯ ಫ್ರಿಜ್ಜಿನ ಪಕ್ಕದ ಗೋಡೆಗೆ, ಇಲ್ಲಿಯ ದೇವಸ್ಥಾನದವರು ವರ್ಷವರ್ಷ ಹಂಚುವ ಕ್ಯಾಲೆಂಡರ್ ತೂಗುತ್ತದೆ. ಅದರ ಅಕ್ಷರಗಳು ಸಾಸಿವೆ ಕಾಳಿಗಿಂತ ಸಣ್ಣವು. ಏಕಾದಶಿ ಯಾವಾಗ ಎಂದು ಅವ್ವ ಕೇಳುತ್ತಾಳೆ. ನಾನು ಕನ್ನಡಕ ಏರಿಸಿಕೊಂಡು, ಮೂಗನ್ನು ಗೋಡೆಗೆ ತಾಗಿಸಿ, ದಿನ ಹೇಳುತ್ತೇನೆ. ಜೊತೆಗೆ "ಇದರಾಗ ಏನೂ ಅರ್ಥ ಇಲ್ಲವ್ವಾ" ಎಂದು ಸೇರಿಸುತ್ತೇನೆ. ಅವ್ವ ಮೊದಲ ಅರ್ಧವನ್ನಷ್ಟೇ ಕೇಳಿಸಿಕೊಂಡು ಹೋಗಿರುತ್ತಾಳೆ.

ಡಲ್ಲಸ್ಸಿನ ಸುತ್ತಮುತ್ತ ಇರುವ ನಮ್ಮಂಥವರಿಗೆ ತಿಥಿಗಳ ವಿಷಯದಲ್ಲಿ ಒಂದು ದೊಡ್ಡ ಅನುಕೂಲವಿದೆ. ನಮ್ಮಲ್ಲಿ ಎಲ್ಲ ಹಬ್ಬಗಳೂ ಶನಿವಾರವೇ ಬರುತ್ತವೆ. ಯುಗಾದಿ ಮಂಗಳವಾರ ಹುಟ್ಟಿದರೂ ಪಾಪ, ಹೈಸ್ಕೂಲಿನ ಆಡಿಟೋರಿಯಂ ಖಾಲಿ ಸಿಗುವ ಶನಿವಾರದವರೆಗೆ ತೆಪ್ಪಗೆ ಕಾಯುತ್ತದೆ. ಒಂದು ವರ್ಷ ಆಡಿಟೋರಿಯಂ ಎಲ್ಲೂ ಸಿಗದೆ ನಮ್ಮ ಗಣಪತಿ ನವರಾತ್ರಿಯ ಬಾಗಿಲಿಗೆ ಬಂದು ನಿಂತಿದ್ದ. ಇಂಡಿಯಾದ ದಿನ ಹಿಡಿಯಬೇಕೋ ಅಮೆರಿಕಾದ ದಿನ ಹಿಡಿಯಬೇಕೋ ಎಂದು ಪಾಟ್‌ಲಕ್ ಊಟಗಳಲ್ಲಿ ಅಂಕಲ್‌ಗಳು ವಾದ ಮಾಡುತ್ತಾರೆ. ಬಿಸಿಬೇಳೆಭಾತು ಆರುವವರೆಗೂ ವಾದ ನಡೆಯುತ್ತದೆ. ಕೊನೆಗೆ ಗೆಲ್ಲುವುದು ಮಾತ್ರ ಶನಿವಾರ. ಒಮ್ಮೆ ನಾನು ಇದನ್ನೇ ಅವ್ವನಿಗೆ ಹೇಳಿ, "ನೋಡು, ನಮ್ಮ ಅನುಕೂಲಕ್ಕ ತಕ್ಕಂಗ ಎಲ್ಲಾ ಸರಿಸಬಹುದು" ಎಂದೆ. ಅವ್ವ ಹೂಬತ್ತಿ ಹೊಸೆಯುತ್ತ ತಲೆಯೆತ್ತದೆ ಹೇಳಿದಳು: "ಹಬ್ಬಾ ಮಾಡೋರು ನೀವು, ನಿಮಗ ಪುರಸೊತ್ತಾದಾಗ ಮಾಡ್ರಿ. ಅಮಾಸಿ ಮಾಡಾಂವ ಚಂದ್ರ. ಅವಂಗ ನಿಮ್ಮ ಶನಿವಾರ ಏನ್ ಗೊತ್ತು?"

ಅಮಾವಾಸ್ಯೆಯ ಮಾತು ಹೀಗೆ ಬಂದದ್ದು ಸುಮ್ಮನೆ ಅಲ್ಲ. ಅವ್ವನಿಗೂ ಅಮಾವಾಸ್ಯೆಗೂ ಒಂದು ಹಳೆಯ ವ್ಯಾಜ್ಯವಿದೆ. ಮದುವೆಯಾದ ಹೊಸತರಲ್ಲಿ ಅವಳನ್ನು ಧಾರವಾಡದಿಂದ ಗೋಕರ್ಣಕ್ಕೆ ಕರೆದುಕೊಂಡು ಹೋಗಿದ್ದರು. ಅಪ್ಪ, ಅಪ್ಪನ ಅವ್ವ, ಅಂದರೆ ನಮ್ಮ ಅಜ್ಜಿ, ಮತ್ತು ಹದಿನೆಂಟರ ಹೊಸ ಸೊಸೆ. ಸಮುದ್ರವನ್ನು ಅವಳು ಅದೇ ಮೊದಲು ಕಂಡದ್ದು. ಓಡಿಹೋಗಿ ನೀರಿಗೆ ಕಾಲಿಡಬೇಕು, ಅಷ್ಟರಲ್ಲಿ ಅಜ್ಜಿ ಹಿಂದಿನಿಂದ ಸೆರಗು ಹಿಡಿದು ನಿಲ್ಲಿಸಿದಳಂತೆ. ಅಶ್ವತ್ಥ ಮರಕ್ಕೂ ಸಮುದ್ರಕ್ಕೂ ದಿನಾಲೂ ಕೈ ಮುಗಿಯಬಹುದು, ಕಂಡಕಂಡ ದಿನ ಮುಟ್ಟಬಾರದು. ಸಮುದ್ರಸ್ನಾನಕ್ಕೆ ಹುಣ್ಣಿಮೆ ಅಮಾವಾಸ್ಯೆಯಂಥ ಪರ್ವಕಾಲ ಬೇಕು. ಅಂದು ಷಷ್ಠಿಯೋ ಸಪ್ತಮಿಯೋ ಇತ್ತು. ಕ್ಷೇತ್ರಕ್ಕೆ ಬಂದವರಿಗೆ ದೋಷವಿಲ್ಲ ಎಂದು ಅಲ್ಲಿಯ ಭಟ್ಟರೇ ಹೇಳಿದರೂ ಅಜ್ಜಿ ಜಗ್ಗಲಿಲ್ಲ. ಅವಳ ಮಡಿ ಭಟ್ಟರ ಮಡಿಗಿಂತ ಒಂದು ಮೊಳ ಹೆಚ್ಚಿನದು. ಅಪ್ಪ ಮಾತ್ರ ಯಾರಿಗೂ ಕಾಣದಂತೆ ಆಚೆ ಹೋಗಿ ಪಾದ ತೋಯಿಸಿಕೊಂಡು ಬಂದ. ಅವ್ವನ ಮುಖ ನೋಡಿ, "ಮುಂದಿನ ಅಮಾಸಿಗೆ ಬರೋಣಂತ" ಎಂದ. ಆಮೇಲೆ ಮಕ್ಕಳು, ವರ್ಗಾವಣೆ, ಪರೀಕ್ಷೆ, ಯಾರದೋ ಬಾಣಂತನ, ಯಾರದೋ ಕಾಯಿಲೆ. 'ಮುಂದಿನ ಅಮಾಸಿ' ಎಂಬುದು ನಮ್ಮ ಮನೆಯಲ್ಲಿ ಎಂದೂ ಆಗದ ಕೆಲಸಕ್ಕೆ ಇಟ್ಟ ಹೆಸರಾಯಿತು. ಅಪ್ಪ ಹೋದ ಮೇಲೆ ಅವ್ವ ನಮ್ಮ ಜೊತೆ ಟೆಕ್ಸಾಸಿಗೆ ಬಂದಳು. ಈ ಕಥೆಯನ್ನು ಅವಳು ಯಾವಾಗಲೂ ನಗುತ್ತಲೇ ಹೇಳುತ್ತಿದ್ದಳು. ಆದರೆ ಎಷ್ಟು ಸಲ ಹೇಳುತ್ತಿದ್ದಳೆಂದರೆ, ನಗುವ ವಿಷಯ ಇದಲ್ಲ ಎಂದು ನನ್ನಂಥ ಮಂದಬುದ್ಧಿಗೂ ಒಂದು ದಿನ ಹೊಳೆಯಿತು.

ಸಮುದ್ರಕ್ಕೆ ಟೆಕ್ಸಾಸಿನಲ್ಲಿ ಬರವಿಲ್ಲವಲ್ಲ ಎಂದು ನೀವು ಕೇಳಬಹುದು. ನಿಜ. ಹೂಸ್ಟನ್ ದಾಟಿದರೆ ಗ್ಯಾಲ್ವೆಸ್ಟನ್ ಇದೆ. ಅಲ್ಲಿಗೂ ಕರೆದುಕೊಂಡು ಹೋದೆ. ವೀಕೆಂಡ್ ಸಿಕ್ಕಿತ್ತು, ಆದರೆ ತಿಥಿ ಅಷ್ಟಮಿಯಾಗಿತ್ತು. ಅವ್ವ ಮರಳಿನಲ್ಲಿ ನಿಂತು ಕೈ ಮುಗಿದು, ಚಹಾದ ಬಣ್ಣದ ಆ ನೀರನ್ನು ಬಹಳ ಹೊತ್ತು ನೋಡಿ, "ಇದಕ್ಕ ಹಾಲು ಸ್ವಲ್ಪ ಕಮ್ಮಿ ಬಿದ್ದದ" ಎಂದಳು. ಇನ್ನೊಮ್ಮೆ ಅಮಾವಾಸ್ಯೆ ಪುಣ್ಯಕ್ಕೆ ಶನಿವಾರವೇ ಬಂತು. ಅಂದು ಅಲ್ಲಿ ಬಿರುಗಾಳಿಯ ಎಚ್ಚರಿಕೆ ಕೊಟ್ಟು ಬೀಚನ್ನೇ ಮುಚ್ಚಿದರು. ನಾವು ಅರ್ಧ ದಾರಿಯಿಂದ ತಿರುಗಿ ಬಂದು ಮನೆಯಲ್ಲಿ ಪಡ್ಡು ಮಾಡಿಕೊಂಡು ತಿಂದೆವು.

ಆಗ ನಾನು ಪಕ್ಕದೂರು ರಿಚರ್ಡ್‌ಸನ್ನಿನ ಒಂದು ಟೆಲಿಕಾಂ ಕಂಪನಿಯಲ್ಲಿದ್ದೆ. ಪಕ್ಕದ ಕ್ಯೂಬಿಕಲ್ಲಿನಲ್ಲಿ ಇನ್ಯಾಕಿ ಎಂಬವನಿದ್ದ. "ಸ್ಪೇನಿನವನಾ?" ಎಂದು ಯಾರಾದರೂ ಕೇಳಿದರೆ, "ಅಲ್ಲ, ಬಾಸ್ಕ್" ಎಂದು ತಿದ್ದುತ್ತಿದ್ದ. ಸ್ಪೇನಿನ ಉತ್ತರದಂಚಿನ ಆ ಜನಕ್ಕೆ ತಮ್ಮದೇ ಬೇರೆ ಭಾಷೆಯಿದೆ. ನನಗೆ ಅವನ ಸಂಕಟ ಚೆನ್ನಾಗಿ ಅರ್ಥವಾಗುತ್ತಿತ್ತು, "ಬೆಂಗಳೂರಾ?" ಎಂದು ಕೇಳಿದವರಿಗೆಲ್ಲ ಧಾರವಾಡ ಎಲ್ಲಿದೆ ಎಂದು ಬರೆದು ತೋರಿಸಿ ನನ್ನ ಅರ್ಧ ಆಯುಷ್ಯ ಕಳೆದಿದೆ. ಅವನ ಗೋಡೆಯ ಮೇಲೆ ಅವನ ಊರಿನ ಫೋಟೋ ಇತ್ತು. ಚಿಪ್ಪಿನ ಹಾಗೆ ಬಾಗಿದ ದಂಡೆ, ಎರಡೂ ಕಡೆ ಹಸಿರು ಗುಡ್ಡ, ನಡುವೆ ಒಂದು ಸಣ್ಣ ದ್ವೀಪ, ಮತ್ತು ನೀಲಿಯೆಂದರೆ ನೀಲಿಯ ನೀರು. ನಕಾಶೆಯಲ್ಲಿ ಸಾನ್ ಸೆಬಾಸ್ಟಿಯನ್ ಎಂದಿರುತ್ತದೆ, ನಾವು ದೊನೊಸ್ತಿಯಾ ಅನ್ನುತ್ತೇವೆ ಎಂದ. ಅಲ್ಲಿಯ ಊಟದ ವರ್ಣನೆಗೆ ತೊಡಗಿದರೆ ಇನ್ಯಾಕಿಗೆ ಮೀಟಿಂಗ್ ನೆನಪಿರುತ್ತಿರಲಿಲ್ಲ. ನಾವು ಸಸ್ಯಾಹಾರಿಗಳು ಎಂದು ಹೇಳಿದಾಗ ಮಾತ್ರ ಯೋಚನೆಗೆ ಬಿದ್ದು, ಸ್ವಲ್ಪ ಹೊತ್ತಿನ ಮೇಲೆ, "ನಮ್ಮ ಕಡೆ ಬ್ರೆಡ್ ತುಂಬಾ ಚೆನ್ನಾಗಿರುತ್ತೆ" ಎಂದು ಸಮಾಧಾನ ಹೇಳಿದ.

ಆ ಫೋಟೋದ ಒಂದು ಪ್ರತಿ ಮನೆಗೆ ತಂದು ಅವ್ವನಿಗೆ ತೋರಿಸಿದೆ. ಅವಳು ಅದನ್ನು ದೇವರ ಗೂಡಿನ ಪಕ್ಕ ಆನಿಸಿ ಇಟ್ಟಳು. ನನ್ನ ಹೆಂಡತಿ ಗೀತಾ ಮೈಸೂರಿನವಳು, ಮಾತು ಕಡಿಮೆ, ತೀರ್ಮಾನ ಬೇಗ. "ರೀ, ನಿಮ್ಮ ರಜ ಸುಮ್ಮನೆ ಕೊಳೀತಾ ಇದೆ. ಅತ್ತೇನ ಅಲ್ಲಿಗೇ ಕರ್ಕೊಂಡು ಹೋಗೋಣ" ಎಂದಳು. ನಾನು ಕ್ಯಾಲೆಂಡರಿಗೆ ಮೂಗು ತಾಗಿಸಿದೆ. ಮಗಳು ಅನುವಿನ ಶಾಲೆಯ ಬೇಸಿಗೆ ರಜದಲ್ಲಿ, ಶನಿವಾರಕ್ಕೆ ಸರಿಯಾಗಿ ಬರುವ ಒಂದು ಅಮಾವಾಸ್ಯೆ ಸಿಕ್ಕಿತು. ಅದನ್ನು ಗೂಟದಂತೆ ನಡುವೆ ನೆಟ್ಟು ಉಳಿದದ್ದನ್ನೆಲ್ಲ ಅದರ ಸುತ್ತ ಕಟ್ಟಿದೆ. ಸೋಮವಾರ ಊರು ಸೇರುವುದು, ಶನಿವಾರ ಬೆಳಿಗ್ಗೆ ಅವ್ವನ ಸಮುದ್ರಸ್ನಾನ, ಮಧ್ಯಾಹ್ನದ ಬಸ್ಸಿಗೆ ಮ್ಯಾಡ್ರಿಡ್, ರವಿವಾರ ವಿಮಾನ. ವೀಸಾಕ್ಕಾಗಿ ಎಲ್ಲರನ್ನೂ ಹೂಸ್ಟನ್ನಿಗೆ ಡ್ರೈವ್ ಮಾಡಿಕೊಂಡು ಹೋಗುವಾಗ ದಾರಿಯಲ್ಲಿ ಅವ್ವನನ್ನು ಕೆಣಕಿದೆ: "ಸಮುದ್ರ ದಾಟಬಾರದು ಅಂತನೂ ಶಾಸ್ತ್ರದಾಗ ಅದ. ಅದನ್ನ ಯಾಕ ಬಿಟ್ಟಿ?" ಅವ್ವ ಹಿಂದಿನ ಸೀಟಿನಿಂದಲೇ ಉತ್ತರಿಸಿದಳು: "ದಾಟಿದ್ದು ವಿಮಾನ. ನಾ ಕೂತಲ್ಲೇ ಕೂತಿದ್ದೆ."

ಸೋಮವಾರ ಊರು ಮುಟ್ಟಿದಾಗ ಮಳೆ. ಜೋರಾದದ್ದಲ್ಲ, ಛತ್ರಿ ಹಿಡಿದರೆ ನಾಚಿಕೆ, ಹಿಡಿಯದಿದ್ದರೆ ನೆಗಡಿ ಎಂಬಂಥ ಜಿನುಗು. ನನ್ನ ಮುಖ ಬಾಡಿತು. ಅವ್ವನ ಮುಖ ಅರಳಿತು. "ಅಯ್ಯ, ಇದು ನಮ್ಮ ಧಾರವಾಡದ ಮಳಿ! ಇಲ್ಲಿಗ್ಯಾಕ ಬಂತಿದು?" ಎಂದು ಸ್ವೆಟರಿನ ಮೇಲೆ ಸೆರಗು ಹೊದ್ದು ಹೊರಟೇಬಿಟ್ಟಳು. ನಮ್ಮ ಸಾಮಾನಿನಲ್ಲಿ ಈಜುವ ಬಟ್ಟೆಗಿಂತ ಅವಲಕ್ಕಿ ಹೆಚ್ಚಿತ್ತು. ಒಂದು ಸೂಟ್‌ಕೇಸಿನ ತುಂಬ ಶೇಂಗಾ ಚಟ್ನಿಪುಡಿ, ಚಕ್ಕುಲಿ, ಬಟ್ಟೆಯಲ್ಲಿ ಸುತ್ತಿದ ಸಣ್ಣ ರೈಸ್ ಕುಕ್ಕರ್. ಪ್ರಪಂಚದ ಜನ ತಿನ್ನುವುದಕ್ಕೆಂದೇ ಬರುವ ಊರಿಗೆ ನಾವು ತಿನ್ನುವುದನ್ನು ಹೊತ್ತುಕೊಂಡು ಹೋಗಿದ್ದೆವು.

ಆದರೂ ಆ ಊರಿಗೆ ಬಂದು ಕೋಣೆಯಲ್ಲಿ ಕೂತು ಅವಲಕ್ಕಿ ಕಲಸುವುದು ಇನ್ಯಾಕಿಗೆ ಮಾಡುವ ದ್ರೋಹ ಎನಿಸಿ ಸಂಜೆ ಹಳೆಯ ಪೇಟೆಗೆ ಹೋದೆವು. ಓಣಿಗೆ ಹತ್ತಾರು ಬಾರುಗಳು. ಕಟ್ಟೆಯ ಉದ್ದಕ್ಕೂ ತಟ್ಟೆಗಳು, ತಟ್ಟೆಯ ತುಂಬ ಬ್ರೆಡ್ಡಿನ ತುಣುಕುಗಳ ಮೇಲೆ ಏನೇನೋ ಬಣ್ಣದ ಗೋಪುರ ಕಟ್ಟಿ ಕಡ್ಡಿ ಚುಚ್ಚಿದ ತಿಂಡಿಗಳು. ಜನ ನಿಂತೇ ತಿನ್ನುತ್ತಾರೆ, ನಿಂತೇ ಕುಡಿಯುತ್ತಾರೆ, ಬಾಯಿ ಒರೆಸಿದ ಕಾಗದವನ್ನು ನೆಲಕ್ಕೇ ಎಸೆದು ಮುಂದಿನ ಬಾರಿಗೆ ನಡೆಯುತ್ತಾರೆ. ಗೀತಾ ನೋಡಿದ ಕೂಡಲೇ, "ಅಯ್ಯೋ, ಇದು ನಮ್ಮ ದರ್ಶಿನಿ ಕಣ್ರೀ!" ಎಂದು ತವರಿಗೆ ಬಂದವಳಂತೆ ಜನರ ನಡುವೆ ನುಗ್ಗಿದಳು. ಅವ್ವ ಹೊಸ್ತಿಲಲ್ಲೇ ನಿಂತು ನೆಲದ ಕಾಗದಗಳನ್ನು ನೋಡಿದಳು. "ಎಂಜಲ ತುಳದು ಒಳಗ ಹೋಗಬೇಕೇನು? ಮತ್ತ ನಿಂತು ತಿನ್ನೂದು ದನಾ." ಎಳೆಯರಿಗೆ ಹೇಗೋ ನಡೆಯುತ್ತದೆ, ಇವಳಿಗೆ ಒಂದು ಸ್ಟೂಲು ಸಿಗದೆ ಮುಂದಿನ ಮಾತಿಲ್ಲ ಎಂದು ಒಳಗಿದ್ದ ದಪ್ಪ ಮೀಸೆಯ ಯಜಮಾನನಿಗೂ ತಿಳಿಯಿತು. ಅವನು ಒಳಗಿನಿಂದ ಒಂದು ಸ್ಟೂಲು ತಂದು ಬಾಗಿಲ ಪಕ್ಕ ಹಾಕಿ, ಅದರ ಸುತ್ತಲಿನ ಕಾಗದವನ್ನು ಕಾಲಿನಿಂದ ಸರಿಸಿದ.

ಗೀತಾ ವಿಮಾನದಲ್ಲಿ ಒಂದು ಸ್ಪ್ಯಾನಿಷ್ ವಾಕ್ಯವನ್ನು ಬಾಯಿಪಾಠ ಮಾಡಿದ್ದಳು: ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ. ಪೂಜೆಯ ಸಂಕಲ್ಪದಂತೆ ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ಮೀಸೆಯವನು ಎದೆಯ ಮೇಲೆ ಕೈಯಿಟ್ಟುಕೊಂಡು, ಯಾರೋ ತೀರಿಕೊಂಡ ಸುದ್ದಿ ಕೇಳಿದವನಂತೆ ತಲೆಯಾಡಿಸಿದ. ಆಮೇಲೆ ಹಂದಿಮಾಂಸದ ತೆಳ್ಳನೆಯ ಪಟ್ಟಿಗಳ ತಟ್ಟೆಯನ್ನು ಮುಂದೆ ಸರಿಸಿದ. ಅದು ಅವನ ಲೆಕ್ಕದಲ್ಲಿ ಮಾಂಸವಲ್ಲ. ಅದನ್ನು ಹಿಂದಕ್ಕೆ ಕಳಿಸಿದ ಮೇಲೆ ಬದನೆಕಾಯಿ ಬಂತು, ಅದರ ಹೊಟ್ಟೆಯಲ್ಲಿ ಮೀನಿತ್ತು. ಕೊನೆಗೆ ಎಣ್ಣೆಯಲ್ಲಿ ಹುರಿದು ದಪ್ಪ ಉಪ್ಪು ಉದುರಿಸಿದ ಹಸಿರು ಮೆಣಸಿನಕಾಯಿಗಳ ತಟ್ಟೆ ಬಂತು. ಅವ್ವ ಒಂದನ್ನು ತೊಟ್ಟು ಹಿಡಿದು ಕಚ್ಚಿ, ಕಣ್ಣು ಮುಚ್ಚಿ, ತೀರ್ಪು ಕೊಟ್ಟಳು: "ಮಿರ್ಚಿ ಭಜಿ ಇದು. ಪಾಪ, ಹಿಟ್ಟು ಹಚ್ಚೂದು ಮರತಾನ." ಚೀಲದಿಂದ ಶೇಂಗಾ ಚಟ್ನಿಪುಡಿಯ ಡಬ್ಬಿ ತೆಗೆದು ಮೇಲೆ ಉದುರಿಸಿಕೊಂಡಳು, ಮೀಸೆಯವನಿಗೂ ಅಂಗೈಗೆ ಒಂದು ಚಿಟಿಕೆ ಹಾಕಿದಳು. ಅವನು ನೆಕ್ಕಿ ನೋಡಿ ಬಾಸ್ಕ್ ಭಾಷೆಯಲ್ಲಿ ಏನೋ ಉದ್ಗರಿಸಿದ. ಅತ್ತ ಇನ್ನೊಬ್ಬ ಕೈಯನ್ನು ತಲೆಯ ಮೇಲಕ್ಕೆತ್ತಿ ಬಾಟಲಿಯಿಂದ ಲೋಟಕ್ಕೆ ಧಾರೆಯಾಗಿ ದ್ರಾಕ್ಷಾರಸ ಸುರಿಯುತ್ತಿದ್ದ. "ಪಾಪ, ಚಹಾ ಆರಸ್ಲಿಕ್ಕೆ ಹತ್ಯಾನ" ಎಂದಳು ಅವ್ವ. ನಾನು ತಿದ್ದಲು ಹೋಗಲಿಲ್ಲ. ಮೂರನೆಯ ಸಂಜೆಯ ಹೊತ್ತಿಗೆ ನಾವು ಓಣಿಗೆ ಬರುತ್ತಿದ್ದಂತೆ ಸ್ಟೂಲು ಬಾಗಿಲಿಗೆ ಬಂದಿರುತ್ತಿತ್ತು.

ಬುಧವಾರ ಬಿಸಿಲು ಬಿತ್ತು. ಫೋಟೋದ ನೀಲಿ ಸುಳ್ಳಾಗಿರಲಿಲ್ಲ. ಅನು ಹನ್ನೊಂದು ವರ್ಷದವಳು. ಅವಳು ಅಂದೇ ನೀರಿಗೆ ಬಿದ್ದಳು. ಮಕ್ಕಳಿಗೆ ದೋಷವಿಲ್ಲ ಎಂದು ಅವ್ವ ಮೊದಲೇ ಸಾರಿದ್ದಳು. ಗೀತಾ ಮೊಣಕಾಲಿನವರೆಗೆ ಇಳಿದಳು. ಮೈಸೂರಿನವರಿಗೆ ಏನು ದೋಷ ಎಂದು ಅವ್ವ ಹೇಳಲಿಲ್ಲ, ಕೇಳುವ ಧೈರ್ಯ ನನಗಿರಲಿಲ್ಲ. ಅವ್ವ ಮಾತ್ರ ಇಳಕಲ್ ಸೀರೆ, ಸ್ವೆಟರ್, ಟೆನ್ನಿಸ್ ಶೂ ಧರಿಸಿ ಮೇಲಿನ ದಾರಿಯ ಬೆಂಚಿನ ಮೇಲೆ ಕೂತು ನೋಡುತ್ತಿದ್ದಳು. ಆ ಊರಿನ ಮುದುಕಿಯರಿಗೆ ಒಂದು ಪದ್ಧತಿಯಿದೆ. ಬೆಳಗಾದರೆ ಈಜುವ ಬಟ್ಟೆಯಲ್ಲಿ ಇಬ್ಬಿಬ್ಬರು ಮೂವರು ಜೊತೆಗೂಡಿ, ನೀರಿನ ಅಂಚಿನಲ್ಲಿ ಕಣಕಾಲು ತೋಯಿಸಿಕೊಳ್ಳುತ್ತ ಈ ತುದಿಯಿಂದ ಆ ತುದಿಗೆ ಹರಟೆ ಹೊಡೆಯುತ್ತ ನಡೆಯುತ್ತಾರೆ. ಮನಸ್ಸಾದರೆ ಹಾಗೇ ಒಳಗೆ ಹೋಗಿ ನಾಲ್ಕು ಕೈ ಈಜಿ ಬಂದು ಹರಟೆಯನ್ನು ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. ಎಲ್ಲರೂ ಅವ್ವನ ವಯಸ್ಸಿನವರೇ. ಎರಡು ದಿನದಲ್ಲಿ ಅವರು ಇವಳಿಗೆ ಕೈ ಬೀಸಲು, ಇವಳು ಅವರಿಗೆ ಕೈ ಮುಗಿಯಲು ಶುರುವಾಯಿತು. ಅವ್ವ ಅವರನ್ನು ನೋಡಿ ನೋಡಿ ನನಗೊಂದು ಪ್ರಶ್ನೆ ಕೇಳಿದಳು. "ಗುರ್ಯಾ, ಇವರ ಅತ್ತೆಂದ್ರು ಎಲ್ಲಿಗೆ ಹೋಗ್ಯಾರೋ?"

ನಾನು ನಕ್ಕೆ. ಆದರೆ ಬೆಂಚಿನ ಮೇಲೆ ಅವಳ ಪಕ್ಕ ಕೂತಾಗ ಆ ಮಾತು ಒಳಗೆ ಕೊರೆಯಿತು. ಸೆರಗು ಹಿಡಿದ ಕೈ ಹೋಗಿ ಎಷ್ಟೋ ಕಾಲವಾಗಿತ್ತು. ಹಿಡಿತ ಮಾತ್ರ ಹಾಗೇ ಇತ್ತು. "ಅವ್ವಾ, ಇವತ್ತೇ ಇಳಿ. ನೀರು ಅಂದ್ರ ನೀರು. ಹೈಡ್ರೋಜನ್ನು, ಆಕ್ಸಿಜನ್ನು" ಎಂದೆ. "ಶನಿವಾರ ಹೈಡ್ರೋಜನ್ ಇರೂದಿಲ್ಲೇನು?" ಎಂದಳು. ಇರುತ್ತದೆ ಎಂದೆ. "ಮತ್ತ ಶನಿವಾರನ ಇಳೀತೀನಿ ತಗೋ. ಇಷ್ಟು ದಿನ ಕಾದೀನಿ, ಎರಡು ದಿನಕ್ಕ ಯಾಕ ಅವಸರ?" ಅವಳ ಕಣ್ಣು ನೀರಿನ ಮೇಲೇ ಇತ್ತು. ಹಬ್ಬದ ಅಡಿಗೆ ಮುಗಿದು ನೈವೇದ್ಯವಾಗುವ ತನಕ ಕಾಯುವ ಮಕ್ಕಳ ಮುಖ ಇರುತ್ತದಲ್ಲ, ಹಾಗಿತ್ತು ಅವಳ ಮುಖ.

ಶುಕ್ರವಾರ ಅವ್ವನಿಗೆ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಆಗಲಿಲ್ಲ. ದಂಡೆಯ ಬಳಿಯ ಫೋನ್ ಬೂತಿನಿಂದ ಕಾಲಿಂಗ್ ಕಾರ್ಡ್ ಹಾಕಿ ಧಾರವಾಡಕ್ಕೆ, ತನ್ನ ತಮ್ಮ ಶಾಮಣ್ಣನಿಗೆ ಫೋನ್ ಮಾಡಿಸಿದಳು. "ಶಾಮ್ಯಾ, ನಾಳೆ ಅಮಾಸಿಗೆ ನಂದು ಸಮುದ್ರಸ್ನಾನ ಅದ ನೋಡಪಾ!" ಎಂದು ಅಟ್ಲಾಂಟಿಕ್ಕಿಗೆಲ್ಲ ಕೇಳುವಂತೆ ಕೂಗಿದಳು. ಆ ಕಡೆಯಿಂದ ಏನೋ ಬಂತು. ಅವ್ವನ ಧ್ವನಿ ಇಳಿಯಿತು. "ನಾಳೆ ಅಲ್ಲಾ? ರವಿವಾರಾ?" ಎಂದು ರಿಸೀವರನ್ನು ನನ್ನ ಕೈಗಿತ್ತಳು. ಶಾಮಣ್ಣ ಮಾಮಾ ಸಾವಕಾಶವಾಗಿ ಓದಿ ಹೇಳಿದ: ಧಾರವಾಡದಲ್ಲಿ ಶನಿವಾರ ಸಂಜೆಗೆ ಅಮಾವಾಸ್ಯೆ ಹತ್ತುತ್ತದೆ, ಸೂರ್ಯ ಹುಟ್ಟುವಾಗ ಇರುವ ತಿಥಿಯೇ ಆ ದಿನದ ತಿಥಿ, ಆದ್ದರಿಂದ ಅಮಾಸಿ ರವಿವಾರ. ನಾನು ಬೆಂಚಿನ ಮೇಲೆ ಕೂತು ಬೆರಳು ಮಡಚಿದೆ. ಧಾರವಾಡದ ಸಂಜೆಯೆಂದರೆ ಟೆಕ್ಸಾಸಿನಲ್ಲಿ ಶನಿವಾರ ಸೂರ್ಯ ಹುಟ್ಟುವ ಮೊದಲಿನ ಹೊತ್ತು. ಆದ್ದರಿಂದ ನಮ್ಮ ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಶನಿವಾರವೇ ಅಮಾವಾಸ್ಯೆ. ಅದು ಸರಿಯಾಗೇ ಇತ್ತು, ಆದರೆ ಅಲೆನ್ನಿಗೆ. ಇಲ್ಲಿ ಸ್ಪೇನಿನಲ್ಲಿ ಅದೇ ಅಮಾವಾಸ್ಯೆ ಹುಟ್ಟುವುದು ಶನಿವಾರ ಮಧ್ಯಾಹ್ನ, ನಮ್ಮ ಬಸ್ಸು ಊರು ಬಿಟ್ಟ ಮೇಲೆ. ರವಿವಾರ ಬೆಳಿಗ್ಗೆ ನಾವು ಮ್ಯಾಡ್ರಿಡ್‌ನಲ್ಲಿರುತ್ತೇವೆ. ಮ್ಯಾಡ್ರಿಡ್‌ನಲ್ಲಿ ಎಲ್ಲ ಇದೆ, ಸಮುದ್ರವಿಲ್ಲ.

ಮೂರು ಖಂಡಗಳ ಜನರನ್ನು ಒಂದೇ ಹೊತ್ತಿಗೆ ಫೋನಿನ ಮೇಲೆ ಕೂಡಿಸಿ ಮೀಟಿಂಗ್ ಮಾಡಿಸುವುದು ನನ್ನ ಉದ್ಯೋಗ. ಭೂಮಿ ಗುಂಡಗಿದೆ ಎಂದು ಮನಸಾರೆ ನಂಬುವವನು ನಾನು. ಟಿಕೆಟ್ ಕೊಳ್ಳುವಾಗ ಮಾತ್ರ ಅದು ನೆನಪಾಗಲಿಲ್ಲ. ಗೀತಾ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. "ಅಡಿಗೆಮನೆ ಕ್ಯಾಲೆಂಡರ್ ನೋಡ್ಕೊಂಡು ಸ್ಪೇನಿನಲ್ಲಿ ಅಮಾವಾಸ್ಯೆ ಮಾಡೋಕ್ಕೆ ನಿಮಗೊಬ್ಬರಿಗೇ ಹೊಳೆಯೋದು ರೀ" ಎಂದಳು ಅಷ್ಟೇ. ನಾನು ಬಸ್ಸಿನವರನ್ನು ಕೇಳಿದೆ, ವಿಮಾನದವರನ್ನು ಕೇಳಿದೆ. ಬೇಸಿಗೆಯ ಆ ದಿನಗಳಲ್ಲಿ ನಾಲ್ಕು ಸೀಟು ಒಟ್ಟಿಗೆ ಎಲ್ಲೂ ಇರಲಿಲ್ಲ. ತಿರುಗಿ ಬಂದು ಅವ್ವನಿಗೆ ಹೇಳಿದೆ. ಅವಳು ನನ್ನ ಬೆನ್ನು ಸವರಿ, "ಇರಲಿ ಬಿಡು. ನೀ ಯಾಕ ಇಷ್ಟು ಸಣ್ಣ ಮಾರಿ ಮಾಡ್ತಿ? ಮುಂದಿನ ಅಮಾಸಿಗೆ ನೋಡೋಣಂತ" ಎಂದಳು. ಅಪ್ಪನ ಮಾತನ್ನು ಅವಳು ತನ್ನ ಮಾತಾಗಿ ಆಡಿದ್ದು ಅದೇ ಮೊದಲು. ಅವಳು ನನ್ನನ್ನು ಸಮಾಧಾನ ಮಾಡಲು ಅದನ್ನು ಹೇಳಿದ್ದಳು.

ಶನಿವಾರ ಬೆಳಿಗ್ಗೆ ಸಾಮಾನು ಕಟ್ಟಿಟ್ಟು, ಬಸ್ಸಿಗೆ ಹೊತ್ತಿದೆ ಎಂದು ಊರಿನ ಪಶ್ಚಿಮದ ತುದಿಗೆ ಕೊನೆಯ ಸಲ ತಿರುಗಾಡಲು ಹೋದೆವು. ಅಲ್ಲಿ ದಂಡೆ ಮುಗಿದು ಬಂಡೆಗಳು ಶುರುವಾಗುತ್ತವೆ. ಬಂಡೆಗಳಿಗೆ ಒಬ್ಬ ಶಿಲ್ಪಿ ಮಾಡಿದ ದೊಡ್ಡ ದೊಡ್ಡ ಕಬ್ಬಿಣದ ತೋಳುಗಳನ್ನು ಕೂಡಿಸಿದ್ದಾರೆ. ಕೆಳಗೆ ಕಲ್ಲು ಹಾಸಿದ ಜಗಲಿ, ಅದರಲ್ಲಿ ಅಲ್ಲಲ್ಲಿ ತೂತುಗಳು. ಸಮುದ್ರ ಜಗಲಿಯ ಅಡಿಗೆ ನುಗ್ಗಿದಾಗ ಆ ತೂತುಗಳಿಂದ ಭುಸ್ ಎಂದು ಗಾಳಿ ಬರುತ್ತದೆ, ನೀರು ಏರಿದ್ದರೆ ನೀರೂ ಬರುತ್ತದೆ. ಅಮಾವಾಸ್ಯೆ ಹತ್ತಿರ ಬಂದಿತ್ತಲ್ಲ, ನಾವು ಕಂಡ ಐದು ದಿನಗಳಲ್ಲಿ ಅಷ್ಟು ಏರಿದ ನೀರನ್ನು ಕಂಡಿರಲಿಲ್ಲ. "ಅಜ್ಜೀ, ಕಮ್ ಹಿಯರ್! ದ ಫ್ಲೋರ್ ಈಸ್ ಬ್ರೀದಿಂಗ್!" ಎಂದು ಅನು ಕೂಗಿದಳು. "ನೆಲಾ ಹ್ಯಾಂಗ ಉಸಿರಾಡತದ, ನೋಡೋಣು" ಎಂದು ಅವ್ವ ಹೋಗಿ ಒಂದು ತೂತಿನ ಮೇಲೆ ಬಗ್ಗಿದಳು. ನಾನು ಬೇಡ ಎನ್ನುವಷ್ಟರಲ್ಲಿ ಕೆಳಗಿನಿಂದ ಒಂದು ಕಂಬ ನೀರು ಎದ್ದು ಅವಳನ್ನು ನೆತ್ತಿಯಿಂದ ಟೆನ್ನಿಸ್ ಶೂವಿನವರೆಗೆ ತೋಯಿಸಿ ಇಳಿಯಿತು.

ಅವ್ವ ಕನ್ನಡಕ ತೆಗೆದು ಒರೆಸಲು ಒಣಗಿದ ಜಾಗ ಸೀರೆಯಲ್ಲಿ ಎಲ್ಲಾದರೂ ಉಳಿದಿದೆಯೇ ಎಂದು ಹುಡುಕಿದಳು. ಸಿಗಲಿಲ್ಲ. ತುಟಿಯ ಮೇಲಿನ ನೀರನ್ನು ನಾಲಿಗೆಯಿಂದ ಮುಟ್ಟಿ ನೋಡಿದಳು. "ಉಪ್ಪದನೋ ಇದು" ಎಂದಳು, ಯಾರೋ ಇಷ್ಟು ದಿನ ಮುಚ್ಚಿಟ್ಟಿದ್ದ ಸುದ್ದಿಯಂತೆ. ಆಮೇಲೆ, "ಗುರ್ಯಾ, ನಾ ಮುಟ್ಟಿಲ್ಲ, ನೀ ಸಾಕ್ಷಿ. ತಾನಾಗೇ ಬಂದದ" ಎಂದು ನಕ್ಕಳು. ನಕ್ಕು, ಎಡಕ್ಕೆ ಮರಳಿನ ದಂಡೆ ಕಾಣುತ್ತಿದ್ದ ಕಡೆ ತಿರುಗಿ, "ನಡಿ" ಎಂದಳು.

"ಎಲ್ಲಿಗವ್ವಾ?"

"ಸಮುದ್ರಕ್ಕ. ಅರ್ಧಾ ತೊಯ್ಸಿಕೊಂಡು ಬಸ್ ಹತ್ತಲೇನು?"

ಆಗ ನನ್ನ ಬಾಯಿಂದ ಬಂದ ಮಾತನ್ನು ನಾನು ಇಂದಿಗೂ ನಂಬಲಾರೆ. "ಅವ್ವಾ, ಇವತ್ತ ಇನ್ನೂ ಚತುರ್ದಶಿ" ಎಂದೆ. ಗೀತಾ ನನ್ನನ್ನು ತಿರುಗಿ ನೋಡಿದಳು. ಅವ್ವ ನಿಂತಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ.

"ಆವಾಗ ನಿಮ್ಮಜ್ಜಿ ಬ್ಯಾಡ ಅಂದ್ಲು. ಆಮ್ಯಾಲೆ ನಿಮ್ಮಪ್ಪ ಮುಂದಿನ ಅಮಾಸಿ ಅಂದ. ಈಗ ನೀ ಹೇಳ್ತಿ. ಇನ್ನ ಎಷ್ಟು ಮಂದೀನ ಕೇಳಬೇಕೋ ನಾನು? ಅಷ್ಟು ದೂರದಿಂದ ಬಂದು ನೆಲಾ ಒಡದು ಮೈಮ್ಯಾಲೆ ಬಿತ್ತು ಅದು. ಅದಕ್ಕ ತಿಥಿ ಗೊತ್ತಿಲ್ಲೇನು? ಕೈ ಹಿಡಿ. ಮೊಣಕಾಲು ಕೇಳೂದಿಲ್ಲ ನಂದು."

ನಾನು ಕೊರಳಿಗೆ ನೇತುಹಾಕಿಕೊಂಡಿದ್ದ ಪಾಸ್‌ಪೋರ್ಟಿನ ಚೀಲವನ್ನು ಗೀತಾಳ ಕೈಗೆ ಕೊಟ್ಟೆ. ಕೊಡುವ ಮೊದಲು ಅದರ ಜಿಪ್ಪನ್ನು ನಾನು ಮೂರು ಸಲ ತೆಗೆದು ಹಾಕಿದ್ದನ್ನು ಅವಳು ನೋಡಿದಳು. ಪಂಚಾಂಗದ ಮಾತು ಎಲ್ಲಿಂದ ಬಂದಿತ್ತು ಎಂಬುದೂ ಅವಳಿಗೆ ತಿಳಿಯಿತು. ನನಗೆ ಈಜು ಬರುವುದಿಲ್ಲ. ಧಾರವಾಡದಲ್ಲಿ ಬೆಳೆದವನಿಗೆ ನೀರೆಂದರೆ ನಳದಲ್ಲಿ ಐದು ದಿನಕ್ಕೊಮ್ಮೆ ಬರುವ ಪದಾರ್ಥ. ಅದು ಇಷ್ಟೊಂದು ಒಟ್ಟಿಗೆ, ಕೂಗುತ್ತ, ಮೈಮೇಲೆ ಏರಿ ಬರುವುದನ್ನು ನೋಡಿದರೆ ನನಗೆ ಮೊದಲಿನಿಂದಲೂ ಜೀವ ಹಾರುತ್ತದೆ. ವಾರವಿಡೀ ನಾನು ಬೆಂಚಿನ ಮೇಲೆ ಅವ್ವನಿಗೆ ಜೊತೆ ಕೊಡುತ್ತ ಕೂತಿದ್ದೆ ಎಂದು ಎಲ್ಲರೂ ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ.

ಇಳಿದೆವು. ನೀರು ಕೊರೆಯುವಷ್ಟು ತಣ್ಣಗಿತ್ತು. ಅವ್ವ ಒಂದೊಂದೇ ಹೆಜ್ಜೆ ಇಡುತ್ತ, ಸೀರೆ ಸುತ್ತಲೂ ಅರಳಿ ತೇಲುವುದನ್ನು ಬೆರಗಿನಿಂದ ನೋಡುತ್ತ ನಡೆದಳು. ಬೆಳಗಿನ ಮುದುಕಿಯರಲ್ಲಿ ಇಬ್ಬರು ಇವಳನ್ನು ಗುರುತಿಸಿ ಚಪ್ಪಾಳೆ ತಟ್ಟಿದರು. ಸೊಂಟ ಮುಳುಗುವಲ್ಲಿ ನಿಂತು, ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಹೇಳಿಕೊಂಡು, ಮೂಗು ಹಿಡಿದು ಮುಳುಗಿ ಎದ್ದಳು. ಇನ್ನೊಮ್ಮೆ ಮುಳುಗಿ ಎದ್ದಳು. ಎದ್ದಾಗ ಅವಳ ಮುಖದಲ್ಲಿ ಹದಿನೆಂಟು ವರ್ಷದ ಹುಡುಗಿಯೊಬ್ಬಳು ಇದ್ದಳು, ನಾನು ಎಂದೂ ಕಂಡಿರದವಳು. ಹಿಂದೆಯೇ ಅವಳ ಭುಜದಾಚೆ ಒಂದು ದೊಡ್ಡ ತೆರೆ ಎದ್ದದ್ದು ಕಂಡಿತು. ಅದು ಹತ್ತಿರವಾಗುತ್ತ ಎತ್ತರವಾಯಿತು. ನಾನು ಅವ್ವನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಈಗ ಯಾರು ಯಾರ ಕೈ ಹಿಡಿದಿದ್ದರು ಎಂದು ಕೇಳಬೇಡಿ. ಕಣ್ಣು ಗಟ್ಟಿಯಾಗಿ ಮುಚ್ಚಿದೆ. ಮುಂಜಿಯಾದ ವರ್ಷ ಅಪ್ಪ ಹೇಳಿಕೊಟ್ಟಿದ್ದ, ತಲೆಯ ಮೇಲೆ ತಂಬಿಗೆ ನೀರು ಸುರಿದುಕೊಳ್ಳುವಾಗ ಏಳು ನದಿಗಳನ್ನು ಕರೆಯುವ ಆ ಶ್ಲೋಕ, ಎಷ್ಟು ವರ್ಷದಿಂದ ಎಲ್ಲಿ ಅಡಗಿತ್ತೋ, ಪೂರ್ತಿಯಾಗಿ, ತಪ್ಪಿಲ್ಲದೆ, ಜೋರಾಗಿ ನನ್ನ ಬಾಯಿಂದ ಹೊರಟಿತು.

"ಅಲ್ಲೋ ಗುರ್ಯಾ," ಎಂದಳು ಅವ್ವ ಪಕ್ಕದಿಂದ, "ಅದು ಬಚ್ಚಲಾಗ ಹೇಳೂದು. ಸಮುದ್ರದ್ದು ಬ್ಯಾರೆ ಅದ. ಬರದಿದ್ರ ಬಾಯಿ ಮುಚ್ಚಿಕೋ, ಉಪ್ಪುನೀರು ಹೋಗತದ."

ಅಷ್ಟರಲ್ಲಿ ಹೋಗಿಯಾಗಿತ್ತು.